ಗಂಗವ್ವನ ಕ್ಯಾಸೆಟ್ ಮತ್ತು ನನ್ನ ಶಾಲು

ಹೋದ ವಾರ ವಿಜಯಪುರದಲ್ಲಿ ನನಗೊಂದು ಶಾಲು ಹೊದಿಸಿದರು. ಪೊಲೀಸರ ಲಾಠಿ, ಗುಂಡಿನಿಂದ ಬದುಕುಳಿದವರ ಮಾತುಗಳನ್ನು ಇಷ್ಟು ವರ್ಷ ಕಾಪಾಡಿದ್ದಕ್ಕಂತೆ. ನಾನೂ ಎದೆಯುಬ್ಬಿಸಿ ಭಾಷಣ ಬಿಗಿದೆ. ‘ಸರ್ಕಾರ ಮರೆಸುತ್ತದೆ, ಪತ್ರಕರ್ತ ನೆನಪಿಡುತ್ತಾನೆ’ ಎಂದೆ. ಚಪ್ಪಾಳೆ ಬಿತ್ತು. (ಚಪ್ಪಾಳೆ ಯಾರಿಗೆ ಬೇಡ ಹೇಳಿ?)

ವೇದಿಕೆ ಇಳಿದರೆ ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ನಿಂತಿದ್ದಳು.

“ಸರ್, ನಾ ಕಳ್ಳಕವಟಗಿ ಗಂಗವ್ವನ ಮಗಳು, ಶಾಂತಾ. ಬಬಲೇಶ್ವರಕ್ಕ ಕೊಟ್ಟಾರ ನನ್ನ. ಅವ್ವ ಹೋಗಿ ಮೂರ ತಿಂಗಳಾತ್ರಿ. ಆಕಿ ಮಾತಾಡಿದ ಟೇಪ ನಿಮ್ಮ ಕಡೆ ಐತೆಲ್ರಿ?”

ಗಂಗವ್ವ! ಮರೆಯುವುದುಂಟೆ? ನೀರು ಕೇಳಲು ರಸ್ತೆಯಲ್ಲಿ ಕೂತ ರೈತರ ಮೇಲೆ ಪೊಲೀಸರು ಲಾಠಿ ಬೀಸಿದಾಗ ಆಕೆಯ ಗಂಡ ಸತ್ತಿದ್ದ. ‘ಓಡುವಾಗ ಬಿದ್ದು ಸತ್ತ’ ಎಂದಿತು ಸರ್ಕಾರಿ ಕಾಗದ. ಗಂಗವ್ವ ಪಕ್ಕದಲ್ಲೇ ಇದ್ದಳು, ಎಲ್ಲ ಕಂಡಿದ್ದಳು. ಆಗಿನ್ನೂ ಹೊಸ ವರದಿಗಾರನಾಗಿದ್ದ ನನ್ನೆದುರು, ತೊಡೆಯ ಮೇಲೆ ಕೂಸು ಹಾಕಿಕೊಂಡು, ಒಂದು ತಾಸು ಮಾತಾಡಿದ್ದಳು. ಆಮೇಲೆ ಯಾರ ಮುಂದೆಯೂ ಬಾಯಿ ಬಿಡಲಿಲ್ಲವಂತೆ.

“ಕೇಳಿದಾಗೊಮ್ಮೆ ಅಂತಿದ್ಲರಿ, ‘ಮತ್ತ ಮತ್ತ ಹೇಳಾಕ ನನ್ನ ಕಡೆ ಆಗೂದಿಲ್ಲ ಬೇ. ಎಲ್ಲಾ ಆ ಪೇಪರಿನ ಸಾಹೇಬ್ರ ಟೇಪಿನ್ಯಾಗ ಐತಿ. ನಾ ಸತ್ತಮ್ಯಾಲ ಕೇಳು’ ಅಂತ.”

“ಐತಿ ತಂಗಿ. ಐತವಾರ ಮನಿಗೆ ಬಾ” ಎಂದೆ. ಎಂಥ ಧೈರ್ಯ ನೋಡಿ ನನ್ನದು!

ಸಿದ್ಧೇಶ್ವರ ಗುಡಿಯ ಹಿಂದಿನ ನಮ್ಮ ಮನೆಯಲ್ಲಿ ಹಳೇ ಟ್ರಂಕ್ ತೆಗೆದೆ. ಕ್ಯಾಸೆಟ್ ಸಿಕ್ಕಿತು. ಲೇಬಲ್ ಮೇಲೆ ‘ಗಂಗವ್ವ’ ಎಂದಿತ್ತು. ಆ ಹೆಸರಿಗೊಂದು ಗೀಟು. ಕೆಳಗೆ ನನ್ನದೇ ಅಕ್ಷರದಲ್ಲಿ, ‘ಮಂತ್ರಿಗಳ ಭಾಷಣ’.

ಆಗ ನಮ್ಮ ರೂಢಿಯೇ ಹಾಗಿತ್ತು. ಸುದ್ದಿ ಅಚ್ಚಾಯಿತೆಂದರೆ ಕ್ಯಾಸೆಟ್ ಖಾಲಿ ಇದ್ದಂತೆ, ಅದರ ಮೇಲೇ ಮುಂದಿನ ರೆಕಾರ್ಡಿಂಗ್. ಗಂಗವ್ವನ ಒಂದು ತಾಸು ಪೇಪರಿನಲ್ಲಿ ಆರು ಸಾಲಾಗಿತ್ತು. ‘ಲಾಠಿ ಏಟಿನಿಂದಲೇ ಪತಿ ಮೃತಪಟ್ಟರೆಂದು ಪತ್ನಿ ಆರೋಪಿಸಿದ್ದಾರೆ.’ ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು.

ಐತವಾರ ಶಾಂತಾ ಬಂದಳು. ತಲೆ ತಗ್ಗಿಸಿ ನಿಜ ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು. ಆಕೆ ಬೈಯಲಿಲ್ಲ.

“ಹಚ್ಚರಿ ಸರ್. ತುದಿಗರೆ ಒಂಚೂರು ಉಳದಿರ್ತೈತಿ.”

ಇಬ್ಬರೂ ಕೂತು ಮಂತ್ರಿಗಳನ್ನು ಪೂರ್ತಿ ಕೇಳಿದೆವು. ರೈತರೇ ನಮ್ಮ ದೇವರು ಎಂದರು. ಚಪ್ಪಾಳೆಯಾಯಿತು. (ಆ ಸುದ್ದಿಗೆ ಅರ್ಧ ಪುಟ ಕೊಟ್ಟಿದ್ದೆವು.) ಆಮೇಲೆ ಟಕ್ ಎಂದಿತು. ಒಂದು ಕೂಸಿನ ಅಳು. ಹಿಂದೆಯೇ ಗಂಗವ್ವ:

“ಸಾಕ್ರಿ ಸಾಹೇಬ್ರ, ಬಂದ್ ಮಾಡ್ರಿ ಅದನ್ನ. ಬಿಸಿ ರೊಟ್ಟಿ ಬಡೀತೀನಿ, ಉಂಡು ಹೋಗ್ರಿ.”

ಅಷ್ಟೇ. ಟೇಪ್ ಮುಗಿಯಿತು.

“ಅಳಾಕತ್ತಾಕಿ ನಾನೇನ್ರಿ?” ಎಂದು ಶಾಂತಾ ಬಾಯಿಗೆ ಸೆರಗು ಒತ್ತಿಕೊಂಡಳು. ನಾಲ್ಕು ಸಲ ಹಾಕಿಸಿ ಕೇಳಿದಳು. ಆಮೇಲೆ ನನ್ನ ಮುಖ ನೋಡಿದಳು.

“ಅಪ್ಪನ್ನ ಹೆಂಗ ಹೊಡದ್ರು, ಕಡೀಕ ಅವ ಏನಂದ, ಅವ್ವ ಹೇಳಿರಬೇಕಲ್ರಿ. ನಿಮಗರೆ ನೆನಪೈತೇನು ಸರ್?”

ಕಣ್ಣು ಮುಚ್ಚಿ ಹುಡುಕಿದೆ. ಆರು ಸಾಲು ಬಿಟ್ಟು ಏನೂ ಬರಲಿಲ್ಲ. ನಾಚಿಕೆಯಿಂದ ಸತ್ತೇ ಹೋದೆ.

ನನಗೆ ನೆನಪಿದ್ದದ್ದು ಅವತ್ತು ರೊಟ್ಟಿಯ ಜೊತೆ ಬಡಿಸಿದ ಶೇಂಗಾ ಚಟ್ನಿಯ ರುಚಿಯೊಂದೇ.