ಗ್ಯಾರೇಜಿನಲ್ಲಿ ಕ್ಯಾಯಿ ಮೇಘ

ಸಿಡ್ನಿಯ ಅಂಚಿನ ಸ್ಕೋಫೀಲ್ಡ್ಸ್‌ನಲ್ಲಿ ಕಟ್ಟಿಸಿದ ಮನೆಯಲ್ಲಿ ಬಸ್ ಡ್ರೈವರ್ ವ್ಯಾಲೆಂಟೈನ್ ಲೋಬೊ ತನ್ನದೆಂದು ಹೇಳಿಕೊಳ್ಳುತ್ತಿದ್ದದ್ದು ಗ್ಯಾರೇಜೊಂದನ್ನೇ. ಉಳಿದದ್ದೆಲ್ಲ ಹೆಂಡತಿ ಆಗ್ನೆಸ್‌ಳ ಇಷ್ಟದಂತೆ ಆಗಿತ್ತು. ಆ ಗ್ಯಾರೇಜಿಗೆ ಒಂದು ದಿನ ಜಾವಾದ ಗ್ಯಾಮೆಲಾನ್ ಎಂಬ ವಾದ್ಯಮೇಳ ಬಂದಿಳಿಯಿತು. ಕಂಚಿನ ಪಟ್ಟಿಗಳ ವಾದ್ಯಗಳು, ಬೋಗುಣಿ ಮಗುಚಿಟ್ಟಂಥ ಗಂಟೆಗಳು, ಮರದ ಚೌಕಟ್ಟಿಗೆ ತೂಗುಬಿಟ್ಟ ಭಾರೀ ಜಾಗಟೆ. ಆಗ್ನೆಸ್ ಜೊತೆ ಚಾಟ್ಸ್‌ವುಡ್‌ನ ವೃದ್ಧಾಶ್ರಮದಲ್ಲಿ ಕೆಲಸ ಮಾಡುವ ವಾಹ್ಯುನಿಯ ತಂಡದ್ದು ಅದು. ಅವರ ಅಭ್ಯಾಸದ ಹಾಲ್‌ನ ಛಾವಣಿ ರಿಪೇರಿಯಲ್ಲಿತ್ತು.

“ಜಾಗಟೆಯ ಹೆಸರು ಕ್ಯಾಯಿ ಮೇಘ. ಕ್ಯಾಯಿ ಅಂದ್ರೆ ಪೂಜ್ಯರು,” ಎಂದಳು ವಾಹ್ಯುನಿ. “ಯಾವ ವಾದ್ಯವನ್ನೂ ದಾಟಬಾರದು ಅಂಕಲ್. ಅವಮಾನ ಆಗುತ್ತೆ.”

ವಾಷಿಂಗ್ ಮಷೀನ್ ಇದ್ದದ್ದು ವಾದ್ಯಗಳ ಆಚೆ, ಗ್ಯಾರೇಜಿನ ಹಿಂದಿನ ಮೂಲೆಯಲ್ಲಿ. ವ್ಯಾಲೆಂಟೈನ್ ಬಟ್ಟೆಯ ಬುಟ್ಟಿ ಹೊತ್ತು ಮುಂಬಾಗಿಲಿಂದ ರಸ್ತೆಗಿಳಿದು, ಮನೆ ಸುತ್ತಿ ಗ್ಯಾರೇಜಿನ ಹಿಂಬಾಗಿಲಿಂದ ಒಳಹೋಗತೊಡಗಿದ. ಒಂದು ಮಳೆಯ ಸಂಜೆ ತಾಳ್ಮೆ ತಪ್ಪಿ ಸಣ್ಣದೊಂದು ವಾದ್ಯವನ್ನು ದಾಟಿಬಿಟ್ಟ. ಮರುದಿನ ಕಾರು ಸ್ಟಾರ್ಟ್ ಆಗಲಿಲ್ಲ.

“ಕ್ಷಮೆ ಕೇಳಿ,” ಎಂದಳು ಆಗ್ನೆಸ್.

“ಯಾರ ಹತ್ರ?”

ಆಗ್ನೆಸ್ ಜಾಗಟೆ ತೋರಿಸಿದಳು.

“ಯಾವ ಭಾಷೆಯಲ್ಲಿ ಮಾರಾಯ್ತಿ?”

“ಕೊಂಕಣಿ ಸಾಕು. ಪ್ರಾಯ ಆದವರು, ಅರ್ಥ ಆಗ್ತದೆ.”

ವ್ಯಾಲೆಂಟೈನ್ ಯೂನಿಫಾರ್ಮಿನಲ್ಲೇ ನಿಂತು ಕ್ಷಮೆ ಕೇಳಿದ. ಕಾರು ಆಗಲೂ ಸ್ಟಾರ್ಟ್ ಆಗಲಿಲ್ಲ. “ಮುಖ ಗಂಟು ಹಾಕಿಕೊಂಡು ಕೇಳಿದ್ರೆ ಹಾಗೇ,” ಎಂದಳು ಆಗ್ನೆಸ್.

ಹಾಲ್ ಸಿದ್ಧವಾಗಲಿಲ್ಲ, ತಂಡವೇ ಗ್ಯಾರೇಜಿಗೆ ಬಂತು. ಜಾಗಟೆ ಹೊಡೆಯುವವನು ಕೆಲಸ ಸಿಕ್ಕಿ ಮೆಲ್ಬರ್ನಿನ ಬಾಕ್ಸ್ ಹಿಲ್‌ಗೆ ಹೋಗಿದ್ದರಿಂದ ಆಗ್ನೆಸ್ ಕೋಲು ಹಿಡಿದಳು. ಪ್ರತಿ ಸುತ್ತಿನ ತುದಿಗೆ ಒಂದೇ ಏಟು. ಕೊನೆಯ ಏಟು ಬಿದ್ದರೆ ಮಾತ್ರ ಸಂಗೀತ ಮುಗಿದಂತೆ. ಎರಡು ಏಟುಗಳ ನಡುವೆ ಒಲೆಯ ಮೇಲಿನ ಕೋಳಿ ಸಾರು ನೆನಪಾಯಿತು. ಕೋಲು ಕೆಳಗಿಟ್ಟಳು. ವಾದ್ಯ ದಾಟುವಂತಿಲ್ಲ, ಹಿಂಬಾಗಿಲಿಂದ ರಸ್ತೆಗಿಳಿದು ಮನೆ ಸುತ್ತಿ ಅಡುಗೆಮನೆಗೆ ಹೊರಟಳು. ದಾರಿಯಲ್ಲಿ ನೆರೆಯ ರುದ್ರಾಣಿ ಆಂಟಿ ಮಾತಿಗೆ ಸಿಕ್ಕರು.

ಇತ್ತ ಮದ್ದಳೆಯಂಥ ವಾದ್ಯದವನು ನಿಧಾನಿಸಿ ಮುಗಿಸುವ ಸೂಚನೆ ಕೊಟ್ಟ. ಏಟು ಬೀಳಲಿಲ್ಲ. ಎಲ್ಲರೂ ಮತ್ತೊಂದು ಸುತ್ತು ಹೊರಟರು. ಮತ್ತೆ ನಿಧಾನ, ಮತ್ತೊಂದು ಸುತ್ತು. ಕೈ ಸೋತು ಬೆವರಿದರೂ ಯಾರೂ ನಿಲ್ಲಿಸಲಾರರು. ಅಷ್ಟರಲ್ಲಿ ವ್ಯಾಲೆಂಟೈನ್ ಬಟ್ಟೆಯ ಬುಟ್ಟಿ ಹಿಡಿದು ಹಿಂಬಾಗಿಲಿಗೆ ಬಂದ.

“ಹೊಡೀರಿ ಅಂಕಲ್,” ಎಂದಳು ವಾಹ್ಯುನಿ, ಅಳುವವಳಂತೆ.

ಬುಟ್ಟಿ ಇಟ್ಟು ಹೊಡೆದ. ನಾದ ನೆಲದಿಂದೆದ್ದು ಮೊಣಕಾಲಿಗೆ ಬಂತು. ಎಲ್ಲರ ಕೈ ಇಳಿಯಿತು. ತನ್ನಿಂದಾಗಿ ಇಷ್ಟು ಜನ ಒಟ್ಟಿಗೆ ನೆಮ್ಮದಿಯಾದದ್ದನ್ನು ಅವನು ಬಸ್ಸಿನಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಛಾವಣಿ ರಿಪೇರಿಯಾಗಿ ವಾದ್ಯಗಳು ಚಾಟ್ಸ್‌ವುಡ್‌ಗೆ ಮರಳಿದವು. ಭಾನುವಾರ ಚರ್ಚ್ ಮುಗಿದೊಡನೆ ವ್ಯಾಲೆಂಟೈನ್ ಕೂಡ ಜಾಗಟೆ ಹೊಡೆಯಲು ಅಲ್ಲಿಗೆ ಹೋಗತೊಡಗಿದ. ಮೊದಲ ಸಂಗೀತ ಕಚೇರಿಯ ದಿನ, ತಂಡದವರಂತೆ ಜಾವಾದ ಬಾಟಿಕ್ ಅಂಗಿ ತೊಟ್ಟ ಅವನನ್ನು ಅಜ್ಜಿಯೊಬ್ಬರು ಮಾತನಾಡಿಸಿ, ಯಾವ ಊರು ಎಂದು ಕೇಳಿದರು.

“ಮಂಗಳೂರು.”

“ಅದು ಜಾವಾದ ಯಾವ ಕಡೆ?”

ವ್ಯಾಲೆಂಟೈನ್ ಯೋಚಿಸಿದ. “ಸ್ವಲ್ಪ ಪಶ್ಚಿಮಕ್ಕೆ,” ಎಂದ.