ಗೋಡೆಯಿಲ್ಲದ ಶಾಲೆ

ಢಬ್. ಮತ್ತೆ ಢಬ್. ಬಾಡಿಗೆ ಕೋಣೆಯ ಗೋಡೆಗೆ ಆಚೆಯಿಂದ ಚೆಂಡು ಬಡಿಯಿತೆಂದರೆ ಪಕ್ಕದ ಶಾಲೆಯ ಮಕ್ಕಳನ್ನು ಆಟಕ್ಕೆ ಬಿಟ್ಟರೆಂದು ಅರ್ಥ. ಆ ಸದ್ದಿಗೆ ಟೀಚರಮ್ಮನ ಬೆರಳುಗಳು ಇಲ್ಲದ ಸೀಮೆಸುಣ್ಣದ ಪುಡಿಯನ್ನು ಕೊಡವಿಕೊಳ್ಳುತ್ತಿದ್ದವು. ಹನ್ನೊಂದು ವರ್ಷ ಲೆಕ್ಕ ಕಲಿಸಿದ ಕೈ. ಕೆಲಸ ಬಿಟ್ಟು ಎರಡು ವರ್ಷವಾದರೂ ಕೈಗೆ ಆ ಸುದ್ದಿ ಮುಟ್ಟಿರಲಿಲ್ಲ.

ಕೆಲಸ ಬಿಡಿಸಿದವರು ಅವಳ ಯಜಮಾನರು. ಬಿಡಿಸಿದರು ಎಂದರೆ ತಪ್ಪಾದೀತು, ಅವರು ಬರೀ ‘ಅರ್ಥ ಮಾಡಿಸಿದರು’. ನಾಲ್ಕು ಗೋಡೆಗಳ ನಡುವೆ ಮಕ್ಕಳು ಕೊಳೆಯುತ್ತಿದ್ದಾರೆ, ಪ್ರಪಂಚವೇ ಪಾಠಶಾಲೆ ಎಂದು ಮೂರು ತಿಂಗಳು ಅರ್ಥ ಮಾಡಿಸಿ, ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳೊಡನೆ ವಿಮಾನ ಹತ್ತಿದರು. ‘ಗೋಡೆಯಿಲ್ಲದ ಶಾಲೆ’ ಎಂದು ವಿಡಿಯೊ ಮಾಡತೊಡಗಿದರು. ಇದು ಒಂಬತ್ತನೇ ದೇಶ. ಪ್ರಪಂಚಕ್ಕೆ ಭಾಗಾಕಾರ ಬಾರದೆ ಹೋದದ್ದರಿಂದ ಅದನ್ನು ಮಾತ್ರ ಟೀಚರಮ್ಮನೇ ವಿಮಾನ ನಿಲ್ದಾಣಗಳ ನೆಲದ ಮೇಲೆ ಕೂತು ಕಲಿಸುತ್ತಿದ್ದಳು. ನಿನ್ನ ಮನೆ ಎಲ್ಲಿ ಎಂದು ಯಾರಾದರೂ ಕೇಳಿದರೆ ಕಿರಿಯವಳು ನೀಲಿ ಸೂಟ್‌ಕೇಸ್ ತೋರಿಸುತ್ತಿದ್ದಳು. ಅದೂ ಒಂದು ವಿಡಿಯೊ ಆಯಿತು. ಪುಣ್ಯವಂತ ಮಗು ಎಂದು ನೋಡಿದವರೆಲ್ಲ ಬರೆದರು.

ಇವತ್ತು ಹಿರಿಯವಳಿಗೆ ಐದನೇ ತರಗತಿಯ ಪರೀಕ್ಷೆ. ಕಂಪ್ಯೂಟರಿನಲ್ಲಿ, ಊರಿನ ಸಮಯ ಮಧ್ಯಾಹ್ನ ಎರಡಕ್ಕೆ. ಹೋದ ವರ್ಷ ಪರೀಕ್ಷೆಯ ದಿನ ಹಡಗಿನಲ್ಲಿದ್ದರು. ಈ ಸಲವೂ ತಪ್ಪಿದರೆ ಗೆಳತಿಯರೆಲ್ಲ ಏಳಕ್ಕೆ, ಇವಳು ಇನ್ನೂ ಐದಕ್ಕೇ.

ಸಮಯದ ಉಸ್ತುವಾರಿ ಯಜಮಾನರದು. ಎಡಗೈಯಲ್ಲಿ ಊರಿನ ಸಮಯದ ವಾಚು, ಬಲಗೈಯಲ್ಲಿ ಆಯಾ ದೇಶದ ವಾಚು.

“ರೀ, ಸರಿಯಾಗಿ ನೋಡಿದ್ದೀರಾ?” ಎಂದಳು ಟೀಚರಮ್ಮ, ಪೆನ್ಸಿಲ್ ಚೂಪು ಮಾಡುತ್ತ.

“ಎರಡೆರಡು ವಾಚು ಕಟ್ಟಿರೋನನ್ನ ಕೇಳ್ತೀಯಲ್ಲ! ಇನ್ನೂ ಒಂದು ಗಂಟೆ ಇದೆ. ಬಾ ಪುಟ್ಟಿ, ಪರೀಕ್ಷೆಗೆ ಮುಂಚೆ ಮನಸ್ಸು ಶಾಂತವಾಗಿ ಇಡೋದು ಹೇಗೆ ಅಂತ ನಾಲ್ಕು ಮಾತು ಹೇಳು.”

ಢಬ್, ಎಂದಿತು ಗೋಡೆ.

“ಅಪ್ಪಾ, ಚೆಂಡು ಬಿತ್ತು. ಅಜ್ಜಿ ಊಟ ಮುಗಿಸಿ, ಊರಲ್ಲಿ ಎರಡು ಹೊಡೆದ ತಕ್ಷಣ ದಿನಾ ಫೋನ್ ಮಾಡ್ತಾಳಲ್ಲ, ಆಗಲೇ ಇಲ್ಲಿ ಚೆಂಡು ಬೀಳೋದು. ಪರೀಕ್ಷೆ ಅಂತ ಇವತ್ತು ಮಾಡಿಲ್ಲ, ಆದ್ರೂ ಈಗ ಎರಡಾಯ್ತು.”

“ಚೆಂಡಿನ ಸದ್ದು ಕೇಳಿ ಟೈಮ್ ಹೇಳ್ತಾಳಂತೆ! ಕ್ಯಾಮೆರಾ ನೋಡು, ನಗು.”

ಮಗಳ ಲೆಕ್ಕ ಟೀಚರಮ್ಮನ ಕಿವಿಗೆ ಬಿತ್ತು. ಆದರೂ ಎರಡು ವಾಚಿನ ಮುಂದೆ ಒಂದು ಚೆಂಡು ಯಾವ ಲೆಕ್ಕ ಎಂದುಕೊಂಡು ಮುಂದಿನ ಪೆನ್ಸಿಲ್ ಎತ್ತಿಕೊಂಡಳು. ಹುಡುಗಿ ಮನಸ್ಸು ಶಾಂತವಾಗಿ ಇಡುವುದು ಹೇಗೆಂದು ಐದು ಸಲ ಹೇಳಿದಳು, ಐದನೇ ಸಲ ಬೆಳಕು ಚೆನ್ನಾಗಿ ಬಂತು.

ಎಡಗೈ ವಾಚಿನ ಎರಡಕ್ಕೆ ಕಂಪ್ಯೂಟರ್ ತೆರೆದಾಗ ‘ಪ್ರವೇಶ ಮುಗಿದಿದೆ’ ಎಂದಿತ್ತು. ಪರೀಕ್ಷೆಯ ಕಚೇರಿಗೆ ಫೋನ್ ಮಾಡಿದರೆ ಅಲ್ಲಿಯ ಹೆಂಗಸು, “ಎರಡಕ್ಕೆ ಅಂದ್ರೆ ಎರಡಕ್ಕೇ ಕಣಮ್ಮಾ. ಈಗ ಮೂರು. ಇನ್ನು ಬರೋ ವರ್ಷ,” ಎಂದು ಇಟ್ಟೇಬಿಟ್ಟಳು.

ಯಜಮಾನರು ಎಡಗೈ ನೋಡಿದರು, ಬಲಗೈ ನೋಡಿದರು. ಹದಿನೈದು ದಿನದ ಹಿಂದೆ ಗಡಿ ದಾಟಿದಾಗ ಬಲಗೈ ವಾಚನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದರು. ಅದೇ ಉತ್ಸಾಹದಲ್ಲಿ ಎಡಗೈಯದನ್ನೂ ತಿರುಗಿಸಿದ್ದರು. ಎಲ್ಲೂ ಕದಲದೆ ತನ್ನ ಪಾಡಿಗೆ ಇದ್ದ ಊರಿಗೂ ಗಡಿ ದಾಟಿಸಿಬಿಟ್ಟಿದ್ದರು.

“ಅಮ್ಮನ ಫೋನ್ ಒಂದಕ್ಕೇ ಬರ್ತಿತ್ತು, ಈಚೆಗೆ ಬೇಗ ಊಟ ಮುಗಿಸ್ತಾಳೆ ಅಂದ್ಕೊಂಡಿದ್ದೆ,” ಎಂದರು ಮೆಲ್ಲಗೆ. ಮರುಗಳಿಗೆಯಲ್ಲೇ ಚೇತರಿಸಿಕೊಂಡರು. “ಇರಲಿ, ಇದೂ ಒಂದು ಪಾಠವೇ. ಸೋಲಿಂದ ಕಲಿಯೋದು ಹೇಗೆ ಅಂತ ಒಳ್ಳೇ ವಿಡಿಯೊ ಆಗತ್ತೆ. ಪುಟ್ಟಿ, ಅಳು ಬಂದ್ರೆ ತಡೀಬೇಡ.”

ಪುಟ್ಟಿ ಅಳಲಿಲ್ಲ. ಚೂಪು ಮಾಡಿದ ಪೆನ್ಸಿಲ್‌ಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು.

“ಅಮ್ಮಾ, ಆ ಚೆಂಡು ಯಾರು ಎಸೀತಾರೆ ಅಂತ ಒಂದು ದಿನಾನೂ ನೋಡಿಲ್ಲ ನಾನು.”

ಟೀಚರಮ್ಮ ಚಪ್ಪಲಿ ಮೆಟ್ಟಿದಳು. ಕಿರಿಯವಳು ಅಭ್ಯಾಸಬಲದಿಂದ ಸೂಟ್‌ಕೇಸಿಗೆ ಕೈ ಹಾಕಿದಳು.

“ಅದನ್ನ ಬಿಡು ಚಿನ್ನಿ.”

“ಎಲ್ಲಿಗೆ ಹೊರಟ್ರಿ? ಮಂಗಳವಾರ ಮುಂದಿನ ದೇಶಕ್ಕೆ ಟಿಕೆಟ್ ಇದೆ!”

“ನೀವು ಹೋಗಿಬನ್ನಿ, ಎರಡೂ ವಾಚು ಕಟ್ಕೊಂಡು.” ಮಕ್ಕಳಿಬ್ಬರ ಕೈ ಹಿಡಿದು ಮೆಟ್ಟಿಲಿಳಿಯುತ್ತ ಹೇಳಿದಳು, “ನಾವು ಈ ಗೋಡೆಯ ಆಚೆ ಬಾಗಿಲು ಎಲ್ಲಿದೆ ನೋಡಿ, ಹೆಡ್‌ಮಾಸ್ಟರನ್ನ ಕೇಳಿ, ಇವರಿಗೆ ಕೂರೋಕೆ ಒಂದು ಬೆಂಚು, ಆಮೇಲೆ ನನಗೂ ಒಂದು ಸೀಮೆಸುಣ್ಣ…”