ಮಸಿಯಿಲ್ಲದ ರಾಕ್ಷಸಿ

ಹೂಡಿಯ ಹಳೇ ಗೋಡೌನೊಂದರಲ್ಲಿ ಭಾನುವಾರ ಸಂಜೆ ಕುಸ್ತಿ ಪ್ರದರ್ಶನ ನಡೆಯುತ್ತದೆ. ಗರಡಿಯ ಕುಸ್ತಿಯಲ್ಲ, ಟೀವಿಯಲ್ಲಿ ಬರುವಂಥದ್ದು. ಯಾರು ಗೆಲ್ಲಬೇಕು, ಯಾರು ಸೋಲಬೇಕು ಎಂಬುದು ಮೊದಲೇ ನಿಗದಿ. ಹಾಗಂತ ಬಿದ್ದರೆ ನೋಯುವುದಿಲ್ಲ ಅಂದುಕೊಳ್ಳಬೇಡಿ, ನನ್ನ ಸೊಂಟವನ್ನು ಕೇಳಿ. ವಾರವೆಲ್ಲ ವೈಟ್‌ಫೀಲ್ಡಿನ ಜಿಮ್ಮಿನಲ್ಲಿ ಸಾಫ್ಟ್‌ವೇರಿನವರ ಹೊಟ್ಟೆ ಕರಗಿಸುವ ನಾನು, ಭಾನುವಾರ ಅಲ್ಲಿ ರಾಕ್ಷಸಿ.

ಆ ಪಾತ್ರ ನನಗೇ ಏಕೆ ಬಂತೆಂದು ಯಾರೂ ವಿವರಿಸಬೇಕಿರಲಿಲ್ಲ. ನಾನು ದಪ್ಪ, ನಾನು ಕಪ್ಪು. ಎದುರಾಳಿ ಬೆಳ್ಳಗಿನ ಹುಡುಗಿ, ಅವಳು ರಾಜಕುಮಾರಿ. ಇದ್ದ ಕಪ್ಪು ಸಾಲದೆಂದು ಮೊದಲ ಆಟದ ದಿನ ಮ್ಯಾನೇಜರ್ ನನ್ನ ಮುಖಕ್ಕೆ ಮಸಿ ಬಳಿಸಿದರು. ಸಿಟ್ಟು ಬಂತು, ಆದರೂ ಬಳಿಸಿಕೊಂಡೆ. ದಾವಣಗೆರೆಯಲ್ಲಿ ಅಪ್ಪ ಹೋಗುತ್ತಿದ್ದ ಗರಡಿಗೆ ಹೆಣ್ಣುಮಕ್ಕಳು ಕಾಲಿಡುವಂತಿರಲಿಲ್ಲ. ಹೊರಗೇ ನಿಂತು, ಹೊಸ್ತಿಲನ್ನೇ ಮುಟ್ಟಿ ಕಣ್ಣಿಗೊತ್ತಿಕೊಂಡು ಬೆಳೆದವಳು ನಾನು. ನನಗೆ ಅಖಾಡ ಬೇಕಿತ್ತು, ಮಸಿಯ ಜೊತೆಗೆ ಬಂದರೂ ಸರಿ.

ಆ ಮೊದಲ ಆಟ ನೋಡಲು ಪಟ್ಟಂದೂರು ಅಗ್ರಹಾರದ ನಮ್ಮ ಮನೆ ಓನರ್ ಅಮ್ಮನನ್ನು ಕರೆದಿದ್ದೆ. ರಾಗಿ ಬೆಳೆದ ನೆಲದಲ್ಲೇ ಬಾಡಿಗೆ ಮನೆಗಳನ್ನು ಕಟ್ಟಿಸಿದವರು, ಯಾರ ಮುಲಾಜಿಗೂ ಬೀಳದವರು. ನನಗಿಂತಲೂ ಕಪ್ಪು. ಮುಂದಿನ ಸಾಲಿನಲ್ಲೇ ಕೂತಿದ್ದರು.

ಹಲ್ಲು ಕಡಿಯುತ್ತಾ, ಜನರನ್ನು ಬೈಯುತ್ತಾ ನಾನು ರಿಂಗ್ ಹತ್ತಬೇಕಿತ್ತು. ಬೈದೆ, ಹತ್ತಿದೆ. ಹಗ್ಗ ದಾಟುವಾಗ ಮಾತ್ರ ಸೊಂಟ ತಾನಾಗಿ ಬಗ್ಗಿತು, ಕೈ ನೆಲ ಮುಟ್ಟಿ ಕಣ್ಣಿಗೆ ಹೋಯಿತು. ಹುಟ್ಟುಗುಣ ಸುಟ್ಟರೂ ಹೋಗುತ್ತದೆಯೇ? ಛೀ ಥೂ ಅನ್ನಬೇಕಿದ್ದ ಜನ ಚಪ್ಪಾಳೆ ತಟ್ಟಿಬಿಟ್ಟರು.

ಆಟ ಮುಗಿದ ಮೇಲೆ ಮ್ಯಾನೇಜರ್ ಕೆಂಡಾಮಂಡಲವಾದರು. "ಯಾವ ರಾಕ್ಷಸಿ ಮೇಡಂ ನೆಲಕ್ಕೆ ನಮಸ್ಕಾರ ಮಾಡ್ತಾಳೆ? ಮುಂದಿನ ವಾರ ಕೈಕಾಲಿಗೂ ಮಸಿ ಬಳಿಸ್ತೀನಿ. ಒಬ್ರೂ ಚಪ್ಪಾಳೆ ತಟ್ಬಾರ್ದು."

ಮನೆಗೆ ಹೋಗುವಾಗ ಆಟೋದಲ್ಲಿ ಓನರ್ ಅಮ್ಮ ಕೇಳಿದರು, "ಅದ್ಯಾಕಮ್ಮ ಮಕಕ್ಕೆ ಮಸಿ ಬಳಿದಿದ್ರು?"

"ಪಾತ್ರ ಅಲ್ವಾ ಅಮ್ಮ. ರಾಕ್ಷಸಿ ಅಂತ ಜನಕ್ಕೆ ಗೊತ್ತಾಗ್ಲಿ ಅಂತ."

ಅವರು ತಮ್ಮ ಮುಂಗೈಯನ್ನು ತಿರುಗಿಸಿ ನೋಡಿಕೊಂಡರು. "ಅಂಗಾರೆ ನಂಗೆ ಬಳಿಯೋದೇ ಬ್ಯಾಡ ಬುಡು," ಅಂದರು.

ನನಗೆ ಅಳು ಬಂತು. ಅಲ್ಲಿಯವರೆಗೆ ಅವಮಾನ ನನ್ನೊಬ್ಬಳದೇ ಅಂದುಕೊಂಡಿದ್ದೆ.

ಮುಂದಿನ ಭಾನುವಾರ ಮಸಿಯ ಡಬ್ಬಿ ಬಂದಾಗ ಬೇಡ ಅಂದೆ.

"ಮತ್ತೆ ನೀವು ಕೆಟ್ಟವರು ಅಂತ ಜನಕ್ಕೆ ಹೆಂಗೆ ಗೊತ್ತಾಗುತ್ತೆ?" ಮ್ಯಾನೇಜರ್ ಕೇಳಿದರು. "ಆಗಲ್ಲ ಅಂದ್ರೆ ಹೇಳಿ, ಬೇರೆಯವರಿದ್ದಾರೆ."

ಸಿಕ್ಕ ಅಖಾಡವೂ ಕೈತಪ್ಪಿ, ಮತ್ತೆ ಹೊಸ್ತಿಲಾಚೆಯೇ ಗತಿಯೇನೋ ಅನ್ನಿಸಿತು.

"ಮೋಸ ಮಾಡ್ತೀನಿ ಸಾರ್. ಎಲ್ಲರ ಕಣ್ಮುಂದೆನೇ ಮಾಡ್ತೀನಿ. ಇವತ್ತು ಜನ ಬೈಲಿಲ್ಲ ಅಂದ್ರೆ ನಾನೇ ಹೋಗ್ತೀನಿ," ಅಂದೆ.

ಅವರು ಡಬ್ಬಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. ತೊಳೆದ ಮುಖದಲ್ಲೇ ರಿಂಗ್ ಹತ್ತಿದೆ. ಈ ಸಲ ಬೇಕೆಂದೇ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಚಪ್ಪಾಳೆ ಬಿತ್ತು. ಮ್ಯಾನೇಜರ್ ಕೆಟ್ಟಿತೆಂಬಂತೆ ತಲೆ ಅಲ್ಲಾಡಿಸಿದ್ದು ಕಂಡಿತು. ನಗುತ್ತಾ ರಾಜಕುಮಾರಿಯತ್ತ ಕೈ ಚಾಚಿದೆ. ಪಾಪ, ಅವಳೂ ನಂಬಿದವಳಂತೆ ನಟಿಸಿ ಕೈ ನೀಡಿದಳು. ಕೈಯನ್ನು ಬೆನ್ನಿಗೆ ತಿರುಚಿ ಜಡೆಗೆ ಕೈ ಹಾಕಿದೆ.

ಗೋಡೌನಿನ ತಗಡು ಹಾರಿಹೋಗುವಂತೆ ಜನ ಬೈದರು. ಮುಂದಿನ ಸಾಲಿನಲ್ಲಿ, ಈ ವಾರವೂ ಬಂದಿದ್ದ ಅಮ್ಮ ಎದ್ದು ನಿಂತು, ಆ ಕಪ್ಪು ಕೈಯನ್ನು ಉದ್ದಕ್ಕೆ ಚಾಚಿ ನನ್ನನ್ನೇ ತೋರಿಸುತ್ತಾ, "ಮೋಸ ಮಾಡ್ತಾವ್ಳೆ ಕಣ್ರಪ್ಪೋ, ಬುಡ್ಬ್ಯಾಡಿ ಅವ್ಳನ್ನ," ಎಂದು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದರು.